ಕಾಗೆ ಓಡಿಸುವ ಅಮ್ಮ

ಪುತ್ತೂರು
೧೨ ಆಗಸ್ಟ್ ೨೦೨೪

ಪ್ರೀತಿಯ ಮನೋರಮಕ್ಕಾ,

ಕಣ್ಣು ಹೇಗುಂಟು? ಎಡಗಣ್ಣು ಹೋಯಿತು, ಬಲಗಣ್ಣಿಗೆ ದೀಪಾವಳಿಯ ತನಕ ವಾಯಿದೆ ಎಂದು ಡಾಕ್ಟರು ಹೇಳಿದ್ದನ್ನು ಭಾವ ಫೋನಿನಲ್ಲಿ ತಿಳಿಸಿದರು. ಅದಕ್ಕೇ ಅಕ್ಷರ ಇಷ್ಟು ದಪ್ಪ. ಬರೆಯುವವನ ಚರ್ಮವೂ ಅಷ್ಟೇ ದಪ್ಪ ಎಂದು ನೀನು ನಗುವುದು ಇಲ್ಲಿಗೇ ಕೇಳಿಸುತ್ತದೆ.

ನಮ್ಮ ಆಧುನಿಕ ಕಲಾ ಸಂಗ್ರಹಾಲಯ ಇದ್ದಲ್ಲೇ ಇದೆ. ಹದಿನೇಳು ಚಿತ್ರಗಳು 'ಶಾಶ್ವತ ಸಂಗ್ರಹ'; ಅವನ್ನು ನೋಡಿಕೊಳ್ಳುವ ನಾನು ಹನ್ನೊಂದು ವರ್ಷಗಳಿಂದ ಹಂಗಾಮಿ. ಈ ಸಲದ ಮಳೆಗೆ ಒಳಗೆ ಕಲೆಗಿಂತ ಗೋಡೆಯ ಕಲೆಯೇ ಹೆಚ್ಚು. ಬಂದವರು ಅದನ್ನೂ ಆಧುನಿಕವೆಂದುಕೊಂಡು ತಲೆದೂಗುತ್ತಾರೆ.

ನೀನು ಕಾಲೇಜಿನಲ್ಲಿದ್ದಾಗ ಬರೆದ ಜಲವರ್ಣ, ಹಲಸಿನ ಹಪ್ಪಳದ ಚಾಪೆಯೆದುರು ಕೈಯೆತ್ತಿ ಕಾಗೆ ಓಡಿಸುವ ಅಮ್ಮ, ಅದಕ್ಕೂ ಬೂಷ್ಟು ಹಿಡಿಯಿತು. ಫೋಟೋ ತೆಗೆದರೆ ಆಯುಷ್ಯ ಕಡಿಮೆಯಾಗುತ್ತದೆಂದು ತಿರುಗಿ ನಿಲ್ಲುತ್ತಿದ್ದ ಅಮ್ಮನ ಮುಖ ಇರುವುದು ಅದೊಂದರಲ್ಲೇ. ಅದನ್ನೊಮ್ಮೆ ನೋಡಲೆಂದೇ ನೀನು ಈ ತಿಂಗಳ ಇಪ್ಪತ್ತಕ್ಕೆ ಧಾರವಾಡದಿಂದ ಹೊರಡುವವಳು. ಗಾಜು ತೆಗೆದು ಒಣಗಲು ಇಟ್ಟೆ. ನಮ್ಮ ಕಾವಲುಗಾರ ಕುಕ್ಕಪ್ಪ, ಮೂವತ್ತು ವರ್ಷ ಊರವರ ಅಡಿಕೆಗೆ ಪಂಪಿನಲ್ಲಿ ಮದ್ದು ಬಿಟ್ಟವನು, ಬಗ್ಗಿ ನೋಡಿ, "ಇದೆಂತ ಮಾರಾಯ್ರೆ, ಕೊಳೆರೋಗವೇ! ಮೈಲುತುತ್ತು, ಸುಣ್ಣ ಕಲಸಿ ಒಂದು ಸಲ ಬಿಟ್ರೆ ಮತ್ತೆ ಬರುದಿಲ್ಲ" ಎಂದ. ಅಡಿಕೆಗೆ ಆಗುವುದು ಅಮ್ಮನಿಗೆ ಯಾಕಾಗದು? ಆ ನೀಲಿ ಮದ್ದು ಬಿಟ್ಟಾಯಿತು. ಬೂಷ್ಟು ಹೋಯಿತು. ಚಿತ್ರಕ್ಕೂ ಸ್ವಲ್ಪ ಪೆಟ್ಟಾಗಿದೆ.

ಮಂಗಳೂರಿನಿಂದ ಬಂದ ತಜ್ಞರು ನೋಡಿದರು, ಕೈ ತೊಳೆದುಕೊಂಡರು, ಹೋದರು. ಸಂಗ್ರಹದ ಪಟ್ಟಿಯಿಂದ ಚಿತ್ರದ ಹೆಸರು ಹೊಡೆದುಹಾಕಿ ಎಂದು ಸಮಿತಿಯವರು ಹೇಳಿದ್ದಾರೆ. ನಾಲ್ಕು ದಿನದಿಂದ ಪೆನ್ನು ಹಿಡಿದು ಕೂತಿದ್ದೇನೆ. ಹೊಡೆಯಲು ಕೈ ಬರುವುದಿಲ್ಲ.

ಭಾವನಿಗೆ ನಮಸ್ಕಾರ ಹೇಳು. ಕಣ್ಣಿಗೆ ಮದ್ದು ಬಿಡುವುದನ್ನು ತಪ್ಪಿಸಬೇಡ.

ನಿನ್ನ ತಮ್ಮ,
ಕೃಷ್ಣಮೋಹನ

ಲಕೋಟೆ ಅಂಟಿಸುವ ಮೊದಲು: ಸ್ವಲ್ಪ ಪೆಟ್ಟು ಎಂದದ್ದು ಸುಳ್ಳು. ಕುಕ್ಕಪ್ಪ ಹೇಳಿದ್ದು ತಮಾಷೆಗೆ. ಅವನು ಚಹಾಕ್ಕೆ ಹೋಗಿದ್ದಾಗ ಪಂಪು ಹಿಡಿದದ್ದು ನಾನು, ನೀನು ಬರುವಾಗ ಅಮ್ಮ ಚಂದ ಕಾಣಲಿ ಎಂದು. ಇಪ್ಪತ್ತಕ್ಕೆ ಬರಬೇಡ ಅಕ್ಕಾ. ಮುಖ, ಎತ್ತಿದ ಕೈ, ಹಪ್ಪಳ, ಎಲ್ಲ ನೀಲಿ ನೀರಾಗಿ ಇಳಿದುಹೋಯಿತು. ನೀನು ಮಸಿಯಲ್ಲಿ ಬರೆದಿದ್ದ ಕಾಗೆ ಮಾತ್ರ ಹಾಗೇ ಕೂತಿದೆ. ಓಡಿಸಲು ಯಾರೂ ಇಲ್ಲ.