ಹಳೇ ಪುಸ್ತಕದ ಒಗಟಿಗೆ ಉತ್ತರ

ರೀ,

ಅಕ್ಕನ ಮನೆಗೆ ಹೊರಟೆ, ಸಂಜೆ ಬರ್ತೀನಿ.

ನೀಲಿ ಪಾತ್ರೆಯಲ್ಲಿರೋದು ಊಟ. ಕರೀ ಪಾತ್ರೆಯಲ್ಲಿರೋದು ನಿಮ್ಮ ಬೈಂಡಿಂಗಿನ ಮೈದಾ ಅಂಟು. ನಿನ್ನೆಯ ಹಾಗೆ ಪುಸ್ತಕ ನೋಡ್ತಾ ಅಂಟಿಗೆ ಉಪ್ಪು ಹಾಕ್ಕೊಂಡು ತಿನ್ನಬೇಡಿ.

ರಿಪೇರಿಗೆ ಬಂದಿರೋ ಆ ನೂರೈವತ್ತು ವರ್ಷದ ಮುದುಕಿ ಪುಸ್ತಕವನ್ನ ಮುಟ್ಟೋಕೆ ಮುಂಚೆ ಎರಡೆರಡು ಸಲ ಕೈ ತೊಳೀತೀರಿ. ನನ್ನ ಸೆರಗಾದರೆ ಅಂಟು ಕೈ ಒರೆಸೋಕೆ.

ಅದರ ತಮಾಷೆ ತತ್ವಗಳಿಗೆ ಮೂರು ದಿನದಿಂದ ಒಬ್ಬರೇ ನಗ್ತಿದ್ದೀರಲ್ಲ, ಅಂಥದ್ದೇನಿದೆ ಅಂತ ನಾನೂ ಓದಿದೆ. ನೀವು ದಾರ ಇಟ್ಟ ಪುಟದಲ್ಲಿ ಒಂದು ಒಗಟಿತ್ತು: ಒಳಗೆ ಕೂತವನೇ "ಮನೇಲಿ ಯಾರೂ ಇಲ್ಲ" ಅಂತ ಕೂಗಿದರೆ ಅದು ನಿಜವೋ ಸುಳ್ಳೋ? ಯಾವ ಪಂಡಿತರಿಗೂ ಬಗೆಹರಿದಿಲ್ಲವಂತೆ.

ಅವನು ಕೂಗಿದ್ದು ನಿಜವೇ. ಅವನ ಹೆಂಡತಿಯನ್ನ ಒಂದು ಮಾತು ಕೇಳಿದ್ದರೆ ಸಾಕಿತ್ತು.