ಬಾವುಟ ಇಳಿದ ಸುದ್ದಿ

ನನ್ನ ಅಜ್ಜನಿಗೆ,

ಇವತ್ತು ಬೆಳಿಗ್ಗೆ ಟೆರೇಸಿನಲ್ಲಿ ಕೆಂಪು ಬೆಡ್‌ಶೀಟು ಒಣಗಲು ಹಾಕಿದ್ದೆ. ಕೆಳಗೆ ನೋಡಿದರೆ ಬೀಪಾತುಮ್ಮ, ಕಟ್ಟಿದ ಬೀಡಿಯ ಬುಟ್ಟಿಯನ್ನು ಸೊಂಟಕ್ಕಿಟ್ಟುಕೊಂಡು, ಹಳೆಯ ಮಿಲಿಟರಿ ಕ್ಯಾಂಪಿನ ಗಡಿಕಲ್ಲಿನ ಹತ್ತಿರ ನಿಂತಿದ್ದರು. ತಲೆಯೆತ್ತಿ ಬೆಡ್‌ಶೀಟು ನೋಡಿದರು. ಆಮೇಲೆ ಮೆಲ್ಲಗೆ ತಿರುಗಿ ತೋಡಾರಿನ ಸುತ್ತು ದಾರಿ ಹಿಡಿದರು. ಬೀಡಿ ಒಪ್ಪಿಸುವ ಬ್ರಾಂಚು ನಮ್ಮ ಪದವಿನ ಬಯಲಿನ ಆಚೆ ಬದಿಯಲ್ಲೇ ಇದೆ, ಅಜ್ಜಾ. ಕ್ಯಾಂಪಿದ್ದ ಜಾಗ ದಾಟಿದರೆ ಮುಗಿಯಿತು.

ನೆನಪಿದೆಯಾ, ಶಾಲೆಗೆ ರಜೆಯಿದ್ದಾಗ ನನ್ನನ್ನೂ ಕ್ಯಾಂಪಿಗೆ ಕರೆದುಕೊಂಡು ಹೋಗುತ್ತಿದ್ದಿರಿ? ಸೈನ್ಯದವರು ಗುಂಡು ಹೊಡೆದು ಅಭ್ಯಾಸ ಮಾಡುವ ದಿನ ಯಾರೂ ಬಯಲು ದಾಟದಂತೆ ಕಂಬಕ್ಕೆ ಕೆಂಪು ಬಾವುಟ ಏರಿಸುವುದು, ಸಂಜೆ ಇಳಿಸುವುದು. ನಿಮ್ಮ ಕೆಲಸ ಇಷ್ಟೇ. ಆದರೆ ಬಾವುಟ ಇಳಿಸಿ ನೀವು ನೇರ ಮನೆಗೆ ಬಂದದ್ದೇ ಇಲ್ಲ. ಸುತ್ತಲಿನ ಒಂದೊಂದು ಮನೆಯ ಅಂಗಳದಲ್ಲೂ ನಿಂತು, "ಇನ್ನು ಹೋಗ್ಬಹುದು" ಎಂದು ಕೂಗಿ ಹೇಳುತ್ತಿದ್ದಿರಿ. ಕೋವಿಗಿಂತ ನಿಮ್ಮ ಗಂಟಲೇ ಜೋರೆಂದು ಬೀಪಾತುಮ್ಮ ತಮಾಷೆ ಮಾಡುತ್ತಿದ್ದರು. ನಾನು ನಿಮ್ಮ ಬೆನ್ನ ಹಿಂದೆ ಅಡಗಿರುತ್ತಿದ್ದೆ.

ಕ್ಯಾಂಪು ಖಾಲಿಯಾದಾಗ ನೀವು ಹಾಸಿಗೆ ಹಿಡಿದಿದ್ದಿರಿ. "ಇನ್ನು ಬಾವುಟ ಏರಿಸ್ಲಿಕ್ಕಿಲ್ಲ. ನೀನು ಹೋಗಿ ಎಲ್ಲರಿಗೂ ಹೇಳಿ ಬಾ ಮಗಾ" ಎಂದಿರಿ. ನಾಳೆ ಹೋಗುತ್ತೇನೆ ಎಂದೆ. ಸಾಹಿತ್ಯ ಓದಿದವಳು ಕಂಡವರ ಅಂಗಳದಲ್ಲಿ ನಿಂತು ಕೂಗುವುದೇ ಎಂಬ ನಾಚಿಕೆ. ಪೇಪರಿನಲ್ಲೇ ಬಂದಿದೆಯಲ್ಲ, ಯಾರಿಗೆ ಗೊತ್ತಿಲ್ಲ ಎಂಬ ಸಮಾಧಾನ ಬೇರೆ. ಆ ನಾಳೆ ಬರುವಷ್ಟರಲ್ಲಿ ನೀವು... ಆಮೇಲೂ ನಾನು ಹೋಗಲಿಲ್ಲ.

ನೀವು ಕಂಡ ಕ್ಯಾಂಪು ಈಗ ಒಂದು ಪೇಟೆ. ಗೇಟಿನ ಕಾವಲು ಕೋಣೆಯಲ್ಲಿ ಹಾಲು ಮೊಸರು ಮಾರುತ್ತಾರೆ. ಸೈನಿಕರು ಊಟ ಮಾಡುತ್ತಿದ್ದ ಕಟ್ಟಡದಲ್ಲಿ ಅಂಗನವಾಡಿ. ಗುಂಡು ನಾಟುತ್ತಿದ್ದ ಮಣ್ಣಿನ ದಿಬ್ಬದ ಮೇಲೆ ಮಕ್ಕಳ ಜಾರುಬಂಡಿ. ಅಪ್ಪ ಇಲ್ಲೇ ಸೈಟು ತೆಗೆದು ಮನೆ ಕಟ್ಟಿದರು. ನನ್ನ ಕೋಣೆಗೆ ಎರಡು ಕಿಟಕಿ, ಒಳ್ಳೆಯ ಗಾಳಿ. ಅದನ್ನು ನಿಮಗೆ ಹೇಳಲೂ ಅಳುಕು. ಇಷ್ಟು ಕಾಲ ಇಲ್ಲಿ ಸುಖವಾಗಿ ಓಡಾಡಿದೆ. ಸುತ್ತಲಿನ ಹಳಬರು ಇತ್ತ ಕಾಲಿಡುವುದೇ ಇಲ್ಲವಲ್ಲ, ಯಾಕೆಂದು ಒಮ್ಮೆಯಾದರೂ ಯೋಚಿಸಿದೆನೇ?

ಬೆಳಿಗ್ಗೆ ಓಡಿಹೋಗಿ ಬೀಪಾತುಮ್ಮನನ್ನು ನಿಲ್ಲಿಸಿದೆ. ಅದು ಬಾವುಟವಲ್ಲ, ನಮ್ಮ ಬೆಡ್‌ಶೀಟು ಎಂದೆ.

"ನಂಗೆ ಕಣ್ಣು ಕಾಣ್ತದೆ ಮಗಳೇ" ಎಂದು ನಕ್ಕರು. "ಕಾಲು ಗಂಟು ನೋವುಂಟು, ಇವತ್ತು ಹತ್ತಿರದ ದಾರಿಯಲ್ಲಿ ಹೋಗುವ ಅಂತ ಬಂದದ್ದು. ಕೆಂಪು ಕಂಡದ್ದೇ, ಕಾಲು ಮುಂದೆ ಹೋಗ್ಲಿಲ್ಲ." ಬುಟ್ಟಿಯನ್ನು ಇನ್ನೊಂದು ಸೊಂಟಕ್ಕೆ ಬದಲಿಸಿದರು. "ಮತ್ತೆ, ನಿನ್ನ ಅಜ್ಜ ಬಂದು ಹೇಳ್ಲಿಲ್ಲ ಅಲ್ವಾ?"

ಅದನ್ನೂ ನಗುತ್ತಲೇ ಹೇಳಿದರು. ಅವರು ಕುಂಟುತ್ತಾ ಸುತ್ತು ದಾರಿಯಲ್ಲೇ ಹೋದರು.

ಬೆಡ್‌ಶೀಟನ್ನು ಹಸಿಯಿರುವಾಗಲೇ ಒಳಗೆ ತಂದಿದ್ದೇನೆ. ಆದರೆ ಇಳಿಸಿದರೆ ಸಾಲದೆಂದು ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಇವತ್ತು ಸಂಜೆ ನೀವು ನಡೆದ ದಾರಿಯಲ್ಲೇ ಹೋಗುತ್ತೇನೆ. ಮನೆಯಲ್ಲಿ ಯಾರಿಗೂ ಹೇಳಿಲ್ಲ. ಮೊದಲು ಬೀಪಾತುಮ್ಮನ ಅಂಗಳ, ಆಮೇಲೆ ಉಳಿದವರದು. ಅಡಗಲು ನಿಮ್ಮ ಬೆನ್ನಿಲ್ಲ. ಆದರೂ ಅಂಗಳದ ನಡುವೆ ನಿಂತು ಕೂಗುತ್ತೇನೆ, ನಿಮ್ಮದೇ ಮಾತನ್ನು.

ನಿಮ್ಮ ಮೊಮ್ಮಗಳು