ಎತ್ತಿಟ್ಟ ಗಿಣ್ಣು

ಅಜ್ಜೀ,

ನೀನು ಹೋದ ಮೇಲೆ ನಿನ್ನ ಎಮ್ಮೆಯನ್ನು ಪಕ್ಕದ ಮನೆಯ ಹೂವಮ್ಮತ್ತೆಗೆ ಕೊಟ್ಟೆವು. ಅದು ನಿನ್ನೆ ಕರು ಹಾಕಿತು.

ತೊಗರ್ಸಿಯ ನಿನ್ನ ಮನೆಯಲ್ಲಿ ಒಬ್ಬಳೇ ಕೂತು ನಿನ್ನ ಡೈರಿಗಳನ್ನು ಓದುತ್ತಿದ್ದೆ. ಅತ್ತೆ ಬಟ್ಟಲು ತುಂಬ ಗಿಣ್ಣು ತಂದರು. "ತಗಳವ್ವ ಕರುಣಾ, ಈ ಸಲನಾದ್ರೂ ನಿನ್ನ ಪಾಲು ನೀನೇ ತಿನ್ನು" ಅಂದರು.

ಯಾಕೆ ಹಾಗಂದರೆಂದು ಡೈರಿಯಲ್ಲೇ ಇತ್ತು. ಎಮ್ಮೆ ಈದಾಗಲೆಲ್ಲ ಅದೇ ಬರಹ: "ಗಿಣ್ಣು ಮಾಡಿದೆ. ಕರುಣಾಗೆ ಎತ್ತಿಟ್ಟೆ." ಎರಡು ದಿನ ಬಿಟ್ಟು: "ಬರಲಿಲ್ಲ. ಹೂವಮ್ಮನಿಗೆ ಕೊಟ್ಟೆ." ಬೈದು ಬರೆದದ್ದು ಒಂದು ಸಾಲೂ ಇಲ್ಲ.

ಶಿರಾಳಕೊಪ್ಪದ ನನ್ನ ಮನೆಯಿಂದ ಇಲ್ಲಿಗೆ ಬಸ್ಸಿನಲ್ಲಿ ಅರ್ಧ ಗಂಟೆ.

ಇವತ್ತು ಅರ್ಧ ತಿಂದು, ಉಳಿದದ್ದನ್ನು ನಿನಗೆಂದು ಎತ್ತಿಟ್ಟಿದ್ದೇನೆ. ನಾಡಿದ್ದು ಅದನ್ನು ಯಾರಿಗೆ ಕೊಡಲಿ?